ಕುದುರೆ ನಿಲ್ಲುವ ಮನೆಗಳು

ಅಪ್ಪ ಮಾರುತ್ತಿದ್ದದ್ದು ನೀರು.
ಆದರೆ ಕೈಗೆ ಸಿಗುವ ನೀರು,
ಇಕ್ಕಳದಲ್ಲಿ ಕಚ್ಚಿ, ತೊಗಲು ಹೊದ್ದ ಹೆಗಲಿಗೇರಿಸಿ
ಮೂರು ಮಹಡಿ ಹತ್ತಿಸಬಹುದಾದ ನೀರು.

ಪ್ರಾವಿಡೆನ್ಸಿನ ನಮ್ಮ ಬೀದಿಯ ಕಿಟಕಿಗಳಲ್ಲಿ
ಒಂದೊಂದು ಚೌಕ ರಟ್ಟು, ನಾಲ್ಕು ಅಂಚಿಗೆ ನಾಲ್ಕು ಅಂಕಿ:
ಇಪ್ಪತ್ತೈದು, ಐವತ್ತು, ಎಪ್ಪತ್ತೈದು, ನೂರು.
ಬೇಕಾದ ತೂಕ ಮೇಲೆ ಬರುವಂತೆ ತಿರುಗಿಸಿಟ್ಟರೆ ಆಯಿತು,
ಕೂಗಬೇಕಿಲ್ಲ, ಇಂಗ್ಲಿಷೂ ಬೇಕಿಲ್ಲ.
ಇಟಲಿಯ ಹಿಮ್ಮಡಿಯಿಂದ ಹಡಗು ಹತ್ತಿದ ವಿತಾಂಜೆಲೊ
ಆ ನಾಲ್ಕು ಅಂಕಿಯಲ್ಲೇ ಹದಿನೆಂಟು ವರ್ಷ ಬದುಕಿದ.

ಕುದುರೆ ಬರೋನೆಗೆ ಅಂಕಿಯೂ ಬೇಡ.
ಲಗಾಮು ಜಗ್ಗದೆಯೇ ನಿಲ್ಲುತ್ತಿತ್ತು,
ಟಿಯರ್ನಿಯವರ ಮನೆ, ಮದೀರೋಸರ ಮನೆ,
ಹಲ್ಲಿಲ್ಲದ ದರ್ಜಿಯ ಮನೆ.

ಉತ್ತರದ ಕೊಳಗಳಲ್ಲಿ ಜನವರಿಯನ್ನು
ಗರಗಸದಲ್ಲಿ ಕೊಯ್ದು, ಮರದ ಹೊಟ್ಟಿನಲ್ಲಿ ಹೂತು
ಆಗಸ್ಟಿನಲ್ಲಿ ಅಗೆದು ತೆಗೆಯುತ್ತಿದ್ದರಂತೆ.
ಒಮ್ಮೆ ಮಿಸೆಸ್ ಟಿಯರ್ನಿಯ ಗಡ್ಡೆಯೊಳಗೆ
ಒಂದು ಮೇಪಲ್ ಎಲೆ, ಕೆಂಪಗೆ, ನರ ನರ ಕಾಣುವಂತೆ.
ಎಲೆಯ ತೂಕಕ್ಕೆ ಕಾಸು ಕಡಿಮೆ ಮಾಡು ಅಂದಳು.
ಅಪ್ಪ ಮಾಡಿದ.

ನನ್ನ ಕೆಲಸ ಪೆಟ್ಟಿಗೆಯಡಿಯ ತಟ್ಟೆ.
ಮೇಲೆ ಐಸು ಕರಗುತ್ತದೆ, ಕೆಳಗೆ ತಟ್ಟೆ ತುಂಬುತ್ತದೆ,
ಮಲಗುವ ಮುಂಚೆ ಚೆಲ್ಲಬೇಕು.
ಮರೆತ ರಾತ್ರಿ ಕೆಳಮನೆಯ ಸೂರು ತೊಟ್ಟಿಕ್ಕಿ
ದರ್ಜಿ ಪೊರಕೆಯ ಹಿಡಿಯಿಂದ ನಮ್ಮ ನೆಲ ಕುಟ್ಟುತ್ತಿದ್ದ.

ಮೂವತ್ತೊಂದರ ಬೇಸಗೆ, ಮದೀರೋಸರ ಅಡುಗೆಮನೆಗೆ
ಬೆಳ್ಳನೆಯ ಒಂದು ಬಂತು.
ಸಿಂಬಿಯ ಮೇಲೆ ಕೊಡ ಹೊತ್ತವಳ ಹಾಗೆ
ನೆತ್ತಿಯಲ್ಲಿ ದುಂಡನೆಯ ಯಂತ್ರ ಹೊತ್ತು
ಮೂಲೆಯಲ್ಲಿ ನಿಂತು ಗುಂಯ್ ಅನ್ನುತ್ತಿತ್ತು.
ಬೀದಿಯೆಲ್ಲ ಸಾಲುಗಟ್ಟಿ ಹೋಗಿ
ಬಾಗಿಲು ತೆರೆದು, ಕೈಯಿಟ್ಟು, ಮುಚ್ಚಿ ಬಂದರು.

ಬೇರೆ ಊರಲ್ಲಿ ಇಂಥದೇ ಒಂದು
ರಾತ್ರಿ ವಿಷಗಾಳಿ ಸೋರಿ ಒಂದು ಮನೆ ಏಳಲೇ ಇಲ್ಲವಂತೆ.
ಅಪ್ಪ ಆ ಸುದ್ದಿಯನ್ನು ನನ್ನಿಂದ ಮೂರು ಸಲ ಓದಿಸಿದ.
ಎರಡು ಸಲ ತೊಡೆ ತಟ್ಟಿಕೊಂಡ.
ಮೂರನೆಯ ಸಲ ಕೇಳಿದ: ಎಷ್ಟು ಮಕ್ಕಳು ಅಂದೆ?

ರಟ್ಟುಗಳು ಒಂದೊಂದಾಗಿ ಕಿಟಕಿಯಿಂದ ಇಳಿದವು.
ಬರೋನೆ ಮಾತ್ರ ನಿಲ್ಲುತ್ತಲೇ ಇತ್ತು.
ಅಪ್ಪ ಗದರಲಿಲ್ಲ. ಕೆಳಗಿಳಿದು, ಪಟ್ಟಿ ಸಡಿಲಿಸಿ, ಬಿಗಿದು,
ಐವತ್ತು ಪೌಂಡು ಮೇಲೆ ಹೋಗಿಬರುವಷ್ಟು ಹೊತ್ತು
ಅಲ್ಲೇ ಕಳೆದು ಮುಂದಿನ ಮನೆಗೆ ಹೊರಡುತ್ತಿದ್ದ.

ಕಡೆಗೆ ಕುದುರೆಯನ್ನು ಹಾಲಿನವನಿಗೆ ಕೊಟ್ಟ.
ವಾರದಲ್ಲೇ ಹಾಲಿನವನ ದೂರು:
ನಿನ್ನ ಪ್ರಾಣಿ ನನ್ನ ಗಿರಾಕಿಗಳ ಮನೆ ದಾಟಿ
ಎಲ್ಲೆಲ್ಲೋ ನಿಲ್ಲುತ್ತದೆ.

ಆ ಹೆಗಲಿಗೆ ಅಂಗಡಿಯವನು ಕೆಲಸ ಕೊಟ್ಟ.
ಅದೇ ಮೆಟ್ಟಿಲು, ಅದೇ ತೊಗಲು, ಬೆನ್ನ ಮೇಲೆ ಅದೇ ಬೆಳ್ಳನೆಯದು.
ಸಂಜೆ ಕಾಲು ನೀಡಿ ಹೇಳಿದ:
ಐಸು ಹತ್ತುತ್ತ ಹತ್ತುತ್ತ ಹಗುರಾಗುತ್ತದೆ, ಮಗಳೇ,
ಒಂದೆರಡು ಹನಿಯಾದರೂ ಸರಿ, ನಮ್ಮ ಕಡೆಗಿರುತ್ತದೆ.
ಇದು ಒಂದು ತೊಟ್ಟೂ ಬಿಟ್ಟುಕೊಡುವುದಿಲ್ಲ.

ನಮ್ಮ ಮನೆಗೂ ಬಂತು, ಅವನು ತೀರಿದ ಮೇಲೆ.
ಅಮ್ಮ ಸೋಮವಾರದ ಹುರುಳಿಯನ್ನು ಗುರುವಾರ ತೆಗೆದು ಮೂಸಿ,
ಇನ್ನೂ ಸೋಮವಾರವೇ, ಅಂದಳು.
ತಂಗಳಿಗೆ ಒಂದು ಮನೆಯಾಯಿತು.
ದಿನಾ ಸಂತೆಗೆ ಹೋಗುವ ದಾರಿಯಲ್ಲಿ
ಅವಳು ಆಡುತ್ತಿದ್ದ ಮಾತುಗಳನ್ನು
ಎಲ್ಲಿ ಇಟ್ಟಳೋ ಗೊತ್ತಿಲ್ಲ.

ನನಗೀಗ ಎಂಬತ್ತು. ಮೊನ್ನೆ ನನ್ನದು ಕೆಟ್ಟು
ರಿಪೇರಿ ಹುಡುಗ ಬಂದ. ಅದನ್ನು ಗೋಡೆಯಿಂದ ಎಳೆದು,
ಹಿಂದೆ ಮಂಡಿಯೂರಿ ಹೇಳಿದ:
ಇಲ್ಲೊಂದು ತಟ್ಟೆ ಇರುತ್ತೆ, ಅಜ್ಜಿ, ಯಾರಿಗೂ ಗೊತ್ತಿರಲ್ಲ.
ನೀರು ಬರುತ್ತೆ, ಯಂತ್ರದ ಕಾವಿಗೆ ತಾನೇ ಆರಿಹೋಗುತ್ತೆ,
ಯಾರೂ ಚೆಲ್ಲಬೇಕಾಗಿಲ್ಲ.

ಅವನು ಮೊಳೆ ಹುಡುಕುತ್ತಿದ್ದಾಗ
ಬಗ್ಗಿ, ಬೆರಳದ್ದಿ ನೋಡಿದೆ.
ಬೆಚ್ಚಗಿತ್ತು.